ಸೀಲಿನ ಹಿಂಗಾಲು ಮುಂದಕ್ಕೆ ತಿರುಗುವುದಿಲ್ಲ

ಹುಣಸೆ ಬೀಜಕ್ಕಿಂತ ತುಸು ದೊಡ್ಡದಾದ ಎರಡು ಎಲುಬಿನ ತುಂಡುಗಳ ಬಗ್ಗೆ ಬರೆಯಬೇಕಾಗಿದೆ. ಅವನ್ನು ಕತ್ತರಿಸಿದವನು ನಾನು. ಕತ್ತರಿಸಿದ್ದಕ್ಕಿಂತ, ಕತ್ತರಿಸಿದೆ ಎಂದು ಹೇಳದೆ ಉಳಿದದ್ದು ನನ್ನ ಎದೆಯ ಮೇಲೆ ಕೂತಿದೆ. ಆದರೆ ನನ್ನ ಕೆಲಸ ಎಂಥದ್ದು ಎಂದು ತಿಳಿಯದವರಿಗೆ ಆ ತುಂಡುಗಳ ಭಾರ ತಿಳಿಯುವುದಿಲ್ಲ. ಅದಕ್ಕೆ ಮೊದಲಿನಿಂದ ಹೇಳುತ್ತೇನೆ.

ಕಲಬುರಗಿಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಮ್ಯೂಸಿಯಂ ಅಟೆಂಡರ್ ಆಗಿದ್ದೆ. ಕಾಗದದ ಮೇಲೆ ಕಸ ಗುಡಿಸುವುದು, ಗಾಜು ಒರೆಸುವುದು, ಬಾಗಿಲು ತೆಗೆಯುವುದು. ನಿಜವಾಗಿ ಮಾಡಿದ್ದು ಎಲುಬಿನ ಕೆಲಸ. ಸತ್ತ ಪ್ರಾಣಿಯನ್ನು ತಂದು, ಮಾಂಸ ಬಿಡಿಸಿ, ಎಲುಬು ತೊಳೆದು, ಒಣಗಿಸಿ, ತಂತಿ ಪೋಣಿಸಿ, ಬದುಕಿದ್ದಾಗ ಹೇಗೆ ನಿಂತಿತ್ತೋ ಹಾಗೆ ನಿಲ್ಲಿಸುವುದು. ಈಗ ಈ ಹುದ್ದೆಗೆ ಬರುವವರು ಡಿಗ್ರಿ ಓದಿರುತ್ತಾರೆ. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಅದನ್ನು ಮುಚ್ಚಿಡಬೇಕೆಂದು ನನಗೆ ಎಂದೂ ಅನಿಸಿಲ್ಲ. ದೊಡ್ಡ ದೊಡ್ಡ ಡಿಗ್ರಿಯವರು ನಾಯಿಯ ಎಡತೊಡೆಯ ಎಲುಬನ್ನು ಬಲದ್ದೆಂದು ಪಾಠ ಮಾಡುವಾಗ, ಬಾಗಿಲ ಬಳಿ ನಿಂತು ಕೆಮ್ಮಿ ತಿದ್ದಿದವನು ನಾನು. ಬಡ್ತಿ, ವರ್ಗಾವಣೆ ಎಲ್ಲ ಸರ್ವಿಸ್ ಪುಸ್ತಕದಲ್ಲಿವೆ, ಬೇಕಾದವರು ಅಲ್ಲಿ ನೋಡಲಿ.

ನಮ್ಮೂರು ಕಮಲಾಪುರ. ಕೆಂಪು ಬಾಳೆಹಣ್ಣಿನ ಊರೆಂದು ಹೊರಗಿನವರು ಹೇಳುತ್ತಾರೆ. ನಮ್ಮ ಓಣಿಯವರಿಗೆ ಬಾಳೆತೋಟ ಇರಲಿಲ್ಲ. ಊರಲ್ಲಿ ದನ ಸತ್ತರೆ ನಮ್ಮಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಅಪ್ಪ ಚರ್ಮ ಸುಲಿಯುತ್ತಿದ್ದ, ನಾನು ಕಾಲು ಹಿಡಿಯುತ್ತಿದ್ದೆ. ಸತ್ತ ಎತ್ತಿನ ಹಿಂಗಾಲಿನ ಕೀಲನ್ನು ಬೆರಳಿನಿಂದ ಸವರಿ ಇದು ಎಷ್ಟು ವರ್ಷ ನೇಗಿಲು ಎಳೆದಿದೆ ಎಂದು ಅಪ್ಪ ಹೇಳಿಬಿಡುತ್ತಿದ್ದ. ಬಹಳ ದುಡಿದ ಎತ್ತಿನ ಕೀಲಿನಲ್ಲಿ ಎಲುಬು ಬೆಳೆದು ಗಂಟಾಗುತ್ತದೆ. ಆ ಗಂಟು ಕಾಲನ್ನು ಮಡಚಲು ಬಿಡುವುದಿಲ್ಲ. ಅದನ್ನು ನಾನು ಹತ್ತು ವರ್ಷದವನಿದ್ದಾಗಲೇ ಗುರುತಿಸುತ್ತಿದ್ದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಪ್ಪನದು ಇನ್ನೊಂದು ನೇಮವಿತ್ತು. ಎರಡು ದನ ಒಂದೇ ದಿನ ಸತ್ತರೂ ಎಲುಬಿನ ಗುಡ್ಡೆ ಬೇರೆ ಬೇರೆ ಹಾಕಬೇಕು, ಚೂರು ಸಿಡಿದರೆ ಹುಡುಕಿ ಅದರ ಗುಡ್ಡೆಗೇ ಸೇರಿಸಬೇಕು. ಯಾಕೆ ಎಂದು ಕೇಳಿದ್ದಕ್ಕೆ, "ಬದುಕಿದ್ದಾಗ ಒಂದೇ ಇತ್ತು, ಸತ್ತ ಮ್ಯಾಲೂ ಒಂದೇ ಇರಲಿ" ಎಂದಿದ್ದ.

ಆಮೇಲೆ ನಮ್ಮ ಓಣಿಯವರೆಲ್ಲ ಮನೆಯಲ್ಲಿ ಬುದ್ಧನ ಫೋಟೋ ಇಟ್ಟರು. ಇನ್ನು ಮೇಲೆ ಸತ್ತ ದನ ಎಳೆಯುವುದಿಲ್ಲ ಎಂದು ಒಟ್ಟಾಗಿ ನಿಂತು ತೀರ್ಮಾನ ಮಾಡಿದರು. ಮುಂದೆ ನಿಂತವನು ಅಪ್ಪನ ತಮ್ಮ, ನನ್ನ ಕಾಕಾ ಮಾಣಿಕಪ್ಪ. ಅಪ್ಪನೂ ಚೂರಿ ಕೆಳಗಿಟ್ಟ. ಸರಿಯಾಗಿ ಆ ವರ್ಷವೇ ನನಗೆ ಕಾಲೇಜಿನ ಕೆಲಸ ಬಂತು.

ಬಂದದ್ದು ಜಾಗೀರದಾರ ಸರ್ ಅವರಿಂದ. ಅವರು ಪ್ರಾಣಿಶಾಸ್ತ್ರದ ಮುಖ್ಯಸ್ಥರು. ಎತ್ತಿನ ಪೂರ್ತಿ ಅಸ್ಥಿಪಂಜರ ಬೇಕೆಂದು ಹುಡುಕುತ್ತಾ ಕಮಲಾಪುರಕ್ಕೆ ಬಂದಿದ್ದರು. ಒಣಗಿದ ಎಲುಬಿನ ಗುಡ್ಡೆಯಿಂದ ನಾನು ಒಂದು ಮುಂಗಾಲನ್ನು ಮಣ್ಣಿನ ಮೇಲೆ ಒಂದೊಂದಾಗಿ ಜೋಡಿಸಿ ತೋರಿಸಿದೆ. ಅವರು ನಶ್ಯ ಏರಿಸುವುದನ್ನೂ ಮರೆತು ಕುಕ್ಕರಗಾಲಲ್ಲಿ ಕುಳಿತು ನೋಡಿದರು. ತಿಂಗಳೊಳಗೆ ನಾನು ಕಲಬುರಗಿಯಲ್ಲಿದ್ದೆ.

ಸುದ್ದಿ ಕೇಳಿ ಕಾಕಾ ನಮ್ಮ ಮನೆ ಮುಂದೆ ನಿಂತು ಹೇಳಿದ: "ಊರಾಗಿನ ದನ ಬಿಟ್ವಿ ಅಂತ ನಾವು ಎದಿ ತಟ್ಟಿ ಹೇಳ್ತೀವಿ. ಇಂವ ಕಾಲೇಜಿನ ದನ ಹಿಡದಾನ." ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟ. ಮದುವೆಗೂ ಬರಲಿಲ್ಲ.

ಕೆಲಸದ ವಿಧಾನ ಹೇಳುತ್ತೇನೆ, ಈಗಿನವರಿಗೆ ಇದು ಗೊತ್ತಿಲ್ಲ. ಮೊದಮೊದಲು ಕಾಲೇಜಿನ ಹಿಂದೆ ಗುಂಡಿ ತೋಡಿ ಹೂಳುತ್ತಿದ್ದೆವು. ಕಲಬುರಗಿಯ ಕರಿಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಸಣ್ಣ ಎಲುಬುಗಳು ಬಿರುಕಿಗೆ ಇಳಿದು ಕಳೆದುಹೋಗುತ್ತವೆ. ಮುಂಗುಸಿಯೊಂದರ ಹದಿನಾಲ್ಕು ಬೆರಳೆಲುಬು ಹುಡುಕಲು ಆರು ದಿನ ಮಣ್ಣು ಜರಡಿ ಹಿಡಿದಿದ್ದೇನೆ. ಆಮೇಲೆ ಡ್ರಮ್ಮಿನ ನೀರಿನಲ್ಲಿ ಕೊಳೆಯಿಸುವುದನ್ನು ಕಲಿತೆ. ವಾಸನೆಗೆ ಪಕ್ಕದ ಕೆಮಿಸ್ಟ್ರಿಯವರು ದೂರು ಬರೆದರು. ಆಮೇಲೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಕುದಿಸುವುದು ಬಂತು. ಬೇಗ ಬೆಳ್ಳಗಾಗಲಿ ಎಂದು ಒಮ್ಮೆ ಒಂದು ಬೆಕ್ಕನ್ನು ಬ್ಲೀಚಿಂಗ್ ಪುಡಿಯಲ್ಲಿ ನೆನೆಹಾಕಿ ಹಬ್ಬದ ರಜೆಗೆ ಊರಿಗೆ ಹೋದೆ. ತಿರುಗಿ ಬಂದು ಕೈ ಹಾಕಿದರೆ ಎಲುಬೆಲ್ಲ ಸುಣ್ಣದ ಹಿಟ್ಟು. ಜಾಗೀರದಾರ ಸರ್ ಬೈಯಲಿಲ್ಲ. "ಭೀಮಶಾ, ಅವಸರ ಮಾಡಿದ್ರ ಎಲುಬ ಸೈತ ಉಳಿಯಂಗಿಲ್ಲ ನೋಡು" ಎಂದರು, ಅಷ್ಟೆ. ಈ ಮಾತನ್ನು ನಾನು ಅನೇಕರಿಗೆ ಉಪದೇಶ ಮಾಡಿದೆ. ಪಾಲಿಸಬೇಕಾದ ದಿನ ಪಾಲಿಸಲಿಲ್ಲ.

ಆ ದಿನ ಬಂದದ್ದು ಸೀಲಿನ ಪೆಟ್ಟಿಗೆ ಬಂದ ಮೇಲೆ.

ಹೈದರಾಬಾದ ಕಡೆಯ ಯಾವುದೋ ಹಳೆಯ ಶಾಲೆ ಮುಚ್ಚಿತ್ತು. ಅಲ್ಲಿಯ ಸಾಮಾನು ಹಂಚಿದಾಗ ನಮ್ಮ ಪಾಲಿಗೆ ಒಂದು ಮರದ ಪೆಟ್ಟಿಗೆ ಬಂತು. ಸ್ಟೇಶನ್ ಬಜಾರದಿಂದ ಕೈಗಾಡಿಯಲ್ಲಿ ತಂದೆವು. ಚೀಟಿಯನ್ನು ಗೆದ್ದಲು ತಿಂದಿತ್ತು. ಒಳಗೆ ಹುಲ್ಲಿನ ನಡುವೆ ಎಣ್ಣೆ ಜಿಡ್ಡಿನ, ಹಳದಿ ಎಲುಬುಗಳು. ತಲೆ ನಾಯಿಯ ತಲೆಯ ಹಾಗೆ, ಕೈಕಾಲಿನ ಬೆರಳು ಮಾತ್ರ ವಿಪರೀತ ಉದ್ದ. ಸರ್ ಒಂದು ನಿಮಿಷ ನೋಡಿ, ಇದು ಕಡಲಿನ ಪ್ರಾಣಿ, ಸೀಲ್ ಜಾತಿಯದು ಎಂದರು. ಕಲಬುರಗಿಗೆ ಕಡಲು ಎಷ್ಟು ದೂರ ಎಂದು ಹೇಳಬೇಕಾಗಿಲ್ಲ. ನಾನಂತೂ ಕಡಲನ್ನೇ ಇವತ್ತಿಗೂ ನೋಡಿಲ್ಲ.

ಕಾಲೇಜಿನ ತಪಾಸಣೆಗೆ ಮೇಲಿನವರು ಬರುವುದಕ್ಕೆ ಹತ್ತು ದಿನವಿತ್ತು. ಸರ್ ಪುಸ್ತಕದ ಒಂದು ಚಿತ್ರ ತೋರಿಸಿದರು. ಬಂಡೆಯ ಮೇಲೆ ಎದೆ ಎತ್ತಿ ಕುಳಿತ ಪ್ರಾಣಿ, ಹಿಂಗಾಲು ಹೊಟ್ಟೆಯ ಕೆಳಗೆ ಮುಂದಕ್ಕೆ ಮಡಚಿಕೊಂಡಿದೆ. ಹಿಂಗೇ ಕೂಡಿಸು ಎಂದರು. ದಿನವೂ ಹಗಲೆಲ್ಲ ಕೂತು ಕೆಲಸ ಮಾಡಿದೆ. ಬೆನ್ನು ಬಂತು, ಪಕ್ಕೆಲುಬು ಬಂತು, ಕತ್ತು ಬಂತು. ಹಿಂಗಾಲು ಮಾತ್ರ ಬರಲಿಲ್ಲ. ಎಷ್ಟು ಮಡಚಿದರೂ ಪಾದ ಮುಂದಕ್ಕೆ ತಿರುಗದು, ಬಾಲದ ಕಡೆಗೇ ಚಾಚುತ್ತದೆ. ಪಾದ ಸೇರುವ ಕೀಲೆಲುಬನ್ನು ಕೈಯಲ್ಲಿ ಹಿಡಿದು ನೋಡಿದೆ. ಹಿಂಬದಿಗೆ ಎಲುಬೇ ಚಾಚಿ ಒಂದು ಮೊಳೆಯಾಗಿ ಬೆಳೆದಿತ್ತು. ಅದೇ ತಡೆಯುತ್ತಿದೆ ಅನಿಸಿತು.

ನನಗೆ ನಗು ಬಂತು. ಕಡಲಿನದಾಗಿದ್ದರೇನು, ಇದೂ ಮುದಿ ಎತ್ತೇ, ಇದಕ್ಕೂ ಗಂಟು ಕಟ್ಟಿದೆ ಎಂದುಕೊಂಡೆ. ಅಪ್ಪನ ಬೆರಳು ನೆನಪಾಯಿತು. ಸಣ್ಣ ಗರಗಸ ತಗೊಂಡು ಎರಡೂ ಕಾಲಿನ ಮೊಳೆಯನ್ನು ಕೊಯ್ದೆ. ಅರ ಹಾಕಿ ನುಣ್ಣಗೆ ಮಾಡಿದೆ, ಮೇಣ ತಿಕ್ಕಿದೆ, ವಾರ್ನಿಷ್ ಎಳೆದೆ. ಪಾದ ಮುಂದಕ್ಕೆ ಬಂತು. ಕೊಯ್ದ ತುಂಡುಗಳನ್ನು ಎಸೆಯಲು ಅಪ್ಪನ ನೇಮ ಬಿಡಲಿಲ್ಲ. ಸರ್ ಬಿಸಾಡಿದ ನಶ್ಯದ ಡಬ್ಬಿಯಲ್ಲಿ ಹಾಕಿ ನನ್ನ ಮೇಜಿನ ಖಾನೆಯಲ್ಲಿಟ್ಟೆ.

ಕೊಯ್ಯುವ ಮೊದಲು ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಎಡದ ಮೊಳೆ, ಬಲದ ಮೊಳೆ ಎರಡೂ ಒಂದೇ ಅಳತೆ, ಒಂದೇ ಆಕಾರ. ಎತ್ತಿನ ಗಂಟು ಹಾಗೆ ಇರುವುದಿಲ್ಲ. ನೇಗಿಲಿಗೆ ಯಾವ ಬದಿಗೆ ಕಟ್ಟುತ್ತಾರೋ ಆ ಕಾಲಿಗೆ ದೊಡ್ಡದು, ಇನ್ನೊಂದಕ್ಕೆ ಸಣ್ಣದು, ಅಡ್ಡಾದಿಡ್ಡಿ. ಎರಡೂ ಕಡೆ ಸಮನಾಗಿದ್ದರೆ ಅದು ರೋಗವಲ್ಲ, ಹುಟ್ಟು. ಇದು ನನಗೆ ಗೊತ್ತಿತ್ತು, ಆದರೂ ಕೊಯ್ದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇದೊಂದೇ: ಎಲುಬು ನಿಮ್ಮ ಮಾತು ಕೇಳದಿದ್ದಾಗ ಗರಗಸ ಕೆಳಗಿಡಿ.

ಸರ್ ಬಂದು ನೋಡಿದರು. ಪಾದ ಮುಂದಕ್ಕೆ ತಿರುಗಿದೆ ಅಂದಮೇಲೆ ಇದು ಕಡಲಸಿಂಹ, ಕಿವಿಯಿರುವ ಕುಟುಂಬದ್ದು ಎಂದು ಹೇಳಿ ಹಾಗೇ ಚೀಟಿ ಬರೆಸಿದರು. ಅವರು ನನ್ನ ಕೈಯನ್ನು ನಂಬಿ ಹೆಸರಿಟ್ಟರು, ನಾನು ಅವರು ತೋರಿಸಿದ ಚಿತ್ರ ನಂಬಿ ಕೊಯ್ದೆ. ಎಲುಬನ್ನು ಯಾರೂ ಕೇಳಲಿಲ್ಲ. ಮ್ಯೂಸಿಯಮ್ಮಿನ ಚೀಟಿಗಳ ಮೇಲೆಲ್ಲ ಸರ್ ಹೆಸರೇ ಇತ್ತು. ಈ ಒಂದಕ್ಕೆ ಮಾತ್ರ ಅವರು ಕೆಳಗೆ ಒಂದು ಸಾಲು ಸೇರಿಸಿದರು: ಜೋಡಿಸಿದವರು, ಭೀಮಶಾ, ಕಮಲಾಪುರ.

ನಾನು ಊರಿಗೆ ಹೋಗಿ ಕಾಕಾನ ಮನೆ ಬಾಗಿಲಲ್ಲಿ ನಿಂತು, ಒಂದು ಸಲ ಬಂದು ನೋಡು ಎಂದೆ. ಅವನು ಒಳಗೆ ಹೋದ. ಆದರೆ ಒಂದು ದಿನ ಬಿಳಿ ಅಂಗಿ ತೊಟ್ಟು ಬಸ್ಸಿಳಿದು ಬಂದ. ಓದಲು ಬಾರದವನು. ಗಾಜಿನ ಮುಂದೆ ನಿಂತು, ಅಲ್ಲಿದ್ದ ಒಬ್ಬ ವಿದ್ಯಾರ್ಥಿನಿಗೆ, "ಅವ್ವಾ, ಇದ್ರಾಗ ಏನ್ ಬರದಾರ ಓದು" ಎಂದ. ಅವಳು ಓದಿದಳು. ಕಡೆಯ ಸಾಲನ್ನು ಇನ್ನೊಮ್ಮೆ ಓದಿಸಿದ. ಹೊರಗೆ ಬಂದು ಚಹಾ ಕುಡಿಯುತ್ತಾ, ಅಷ್ಟು ವರ್ಷಗಳ ಮೇಲೆ, ನನ್ನ ಹೆಂಡತಿ ಮಕ್ಕಳ ಹೆಸರು ಕೇಳಿದ.

ಆ ಚೀಟಿ ನನಗೆ ಏನಾಗಿತ್ತು ಎಂದು ಈಗ ತಿಳಿದಿರಬೇಕು.

ಆಮೇಲೆ ವರ್ಷಗಳು ಹೋದವು. ಪ್ರತಿ ಬ್ಯಾಚಿನ ಹುಡುಗ ಹುಡುಗಿಯರು ಆ ಗಾಜಿನ ಮುಂದೆ ಸ್ಟೂಲು ಹಾಕಿಕೊಂಡು ಚಿತ್ರ ಬರೆದರು. ಪಾದ ಮುಂದಕ್ಕೆ. ಒಬ್ಬ ಹುಡುಗ ಪಾದವನ್ನು ಹಿಂದಕ್ಕೆ ಬರೆದಿದ್ದಕ್ಕೆ, ಕಣ್ಣಿಲ್ಲವೇನೋ ಎಂದು ನಾನೇ ಬೈದು ಅಳಿಸಿದ್ದೇನೆ. ಅವನ ಹೆಸರು ಮರೆತಿದೆ, ಮುಖ ಮರೆತಿಲ್ಲ. ಜಾಗೀರದಾರ ಸರ್ ನಿವೃತ್ತರಾಗಿ ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ತೀರಿಕೊಂಡರು. ಕಪ್ಪೆ ಕೊಯ್ಯುವುದು ನಿಂತಿತು, ಪ್ರಾಣಿ ತರುವುದು ನಿಂತಿತು. ಕಂಪ್ಯೂಟರಿನಲ್ಲಿ ಕಪ್ಪೆಯನ್ನು ಬೆರಳಿನಿಂದ ತೆರೆಯುವುದು ಬಂತು. ನನ್ನ ಡ್ರಮ್ಮುಗಳಲ್ಲಿ ಮಳೆನೀರು ನಿಂತಿತು. ಕೈಯಲ್ಲಿ ಕೆಲಸವಿಲ್ಲದವನಿಗೆ ಗಾಜು ಒರೆಸುವುದೊಂದೇ ಉಳಿಯಿತು.

ಸಬಿಹಾ ಮೇಡಂ ಬಂದದ್ದು ಆಗ. ಮೋಮಿನಪುರದವರು. ಅವರ ತಂದೆಗೆ ಅಲ್ಲಿ ಬೆಳಗಿನ ನಾಷ್ಟಾದ ಸಣ್ಣ ಹೋಟೆಲು, ಕುರಿಕಾಲಿನ ಸಾರಿಗೆ, ಪಾಯಾಕ್ಕೆ ಹೆಸರಾದದ್ದು. ಮೊದಲ ದಿನವೇ ಮ್ಯೂಸಿಯಮ್ಮಿಗೆ ಬಂದು ಕುರಿಯ ಕಾಲೆಲುಬು ಕೈಗೆತ್ತಿಕೊಂಡು, "ಭೀಮಶಾಜಿ, ಅಬ್ಬಾನ ಹೋಟೆಲದಾಗ ಪಾಯಾ ತೊಳ್ಕೋತ ಬೆಳದಾಕಿ ನಾ. ಈ ಎಲುಬ ನಿದ್ದಿಗಣ್ಣಾಗೂ ಗುರ್ತು ಹಿಡೀತೀನಿ" ಎಂದರು. ನನ್ನನ್ನು ಜಿ ಎಂದು ಕರೆದ ಮೊದಲ ಲೆಕ್ಚರರ್ ಅವರು. ನಾವಿಬ್ಬರೂ ಎಲುಬಿನ ಮನೆಯವರು ಎಂದು ಒಳಗೊಳಗೆ ಖುಷಿಯಾಯಿತು.

ಅವರು ಪ್ರತಿ ಮಾದರಿಯನ್ನೂ ಮತ್ತೆ ಪರೀಕ್ಷಿಸಿ ಹೊಸ ಪಟ್ಟಿ ಬರೆಯಲು ಶುರು ಮಾಡಿದರು. ನಾನು ಗಾಜು ತೆಗೆದು ಕೊಡುತ್ತಿದ್ದೆ. ಸೀಲಿನ ಮುಂದೆ ಬಂದವರು ಬಹಳ ಹೊತ್ತು ನಿಂತರು. ತಲೆಬುರುಡೆಯ ಕಣ್ಣಿನ ಗೂಡಿನ ಮೇಲೆ ಬೆರಳಾಡಿಸಿದರು. ಕಡಲಸಿಂಹವಾಗಿದ್ದರೆ ಇಲ್ಲಿ ಹುಬ್ಬಿನ ಹಾಗೆ ಒಂದು ಎಲುಬು ಚಾಚಿರಬೇಕಿತ್ತು, ಇಲ್ಲಿ ಇಲ್ಲ, ಆದ್ದರಿಂದ ಇದು ಕಿವಿಯಿಲ್ಲದ ಸೀಲು ಎಂದರು. ಕಿವಿಯಿಲ್ಲ ಎಂದರೆ ಕಿವುಡಲ್ಲ, ಹೊರಗೆ ಹಾಲೆ ಇಲ್ಲ, ಒಂದು ತೂತು ಮಾತ್ರ. ಮೇಲಿನ ದವಡೆಯ ಮುಂಹಲ್ಲು ಎಣಿಸಿದರು, ಆರು. ದಕ್ಷಿಣದ ಹಿಮದ ಕಡೆಯ ಸೀಲುಗಳಿಗೆ ಅಲ್ಲಿ ನಾಲ್ಕೇ ಇರುತ್ತವಂತೆ, ಆದ್ದರಿಂದ ಇದು ಉತ್ತರದ ಪಂಗಡದ್ದು. ಹಲ್ಲು ಎಣಿಸಿ ಊರು ಹೇಳುವುದನ್ನು ಕೇಳಿ, ಅಪ್ಪ ಬದುಕಿರಬೇಕಿತ್ತು ಅನಿಸಿತು.

ಚಹಾ ಕುಡಿಯುವಾಗ ಅವರು ಹಳೆಯ ಕತೆಯನ್ನೂ ಹೇಳಿದರು. ಕಿವಿಯಿರುವವು ಕರಡಿಯಂಥ ಪ್ರಾಣಿಯಿಂದ, ಕಿವಿಯಿಲ್ಲದವು ನೀರುನಾಯಿಯಂಥ ಪ್ರಾಣಿಯಿಂದ ಬಂದವು, ಬೇರೆ ಬೇರೆ ಕಡಲಿನಲ್ಲಿ ಇಳಿದು ಒಂದೇ ಥರ ಕಾಣುವಂತಾದವು ಎಂದು ಬಹಳ ಜನ ನಂಬಿದ್ದರಂತೆ. "ಈಗ ವಂಶದ ಗುರುತು, ಡಿಎನ್ಎ, ಒಳಗಿಂದ ತಗದು ನೋಡ್ಯಾರ, ಎರಡೂ ಒಂದೇ ಅಜ್ಜನ ಮಕ್ಕಳಂತ್ರಿ. ನೀರಿಗಿ ಇಳದ ಮ್ಯಾಲ ಬ್ಯಾರೆ ಆಗ್ಯಾವ. ಕಿವಿ ಇದ್ದದ್ದು ಕಾಲು ಮುಂದ ಇಟ್ಟು ನಡೀತದ, ಇಲ್ಲದ್ದು ಹೊಟ್ಟಿ ಮ್ಯಾಲ ಹುಳದ ಗತೆ ತೆವಳ್ತದ. ಯಾಕಂದ್ರ ಕಿವಿ ಇಲ್ಲದ ಜಾತಿಗಿ ಹಿಂಗಾಲು ಮುಂದ ತಿರಗಂಗಿಲ್ಲ."

ತಿರುಗುವುದಿಲ್ಲ ಎಂದಾಗ ನಾನು ಕಪ್ಪು ಬಸಿ ಎತ್ತಿಕೊಂಡು ತೊಳೆಯಲು ಎದ್ದೆ.

ಮರುದಿನ ಅವರು ಒಂದು ಪುಸ್ತಕ ತಂದು ಚಿತ್ರ ತೋರಿಸಿದರು. ಕೀಲೆಲುಬು ಒಂದೇ ದೊಡ್ಡದಾಗಿ ಬರೆದದ್ದು. ಹಿಂಬದಿಗೆ ಚಾಚಿದ ಮೊಳೆ. ನಾನು ಕೊಯ್ದದ್ದು ಅದೇ, ರೇಖೆಗೆ ರೇಖೆ. "ಇದರ ಮ್ಯಾಲಿಂದ ಸ್ನಾಯುವಿನ ಒಂದು ಹುರಿ ಹೋಗ್ತದ್ರಿ, ಅದು ಪಾದ ಹಿಂದಕ್ಕ ಜಗ್ಗಿ ಹಿಡೀತದ. ಆದ್ರ ನಮ್ಮ ಇದಕ್ಕ ಮೊಳೆನೇ ಇಲ್ಲ. ಹಿಂಗ್ಯಾಕ? ಪೆಟ್ಟಿಗ್ಯಾಗ ಬಂದಾಗ ಹೆಂಗಿತ್ತು?"

ನನ್ನ ಮೇಜಿನ ಖಾನೆ ಅಲ್ಲಿಂದ ನಾಲ್ಕು ಹೆಜ್ಜೆ. ಡಬ್ಬಿ ಒಳಗಿತ್ತು. ಗಾಜಿನ ಮೇಲೆ ನನ್ನ ಹೆಸರಿತ್ತು.

"ಬಂದಿದ್ದೇ ಹಂಗ್ರಿ, ಮೇಡಂ" ಎಂದೆ.

ಬಿಚ್ಚಿ ನೋಡೋಣವೇ ಎಂದು ಕೇಳಿದರು. ತಂತಿ ಹಳೆಯದು, ಎಳೆದರೆ ಎಲುಬು ಸೀಳುತ್ತದೆ ಎಂದು ಸುಳ್ಳು ಹೇಳಿದೆ. ಎಲುಬಿನ ವಿಷಯದಲ್ಲಿ ಭೀಮಶಾ ಹೇಳಿದ್ದೇ ಖರೇ ಎಂದು ಆ ವಿಭಾಗದಲ್ಲಿ ಎಲ್ಲರಿಗೂ ಅಭ್ಯಾಸವಾಗಿತ್ತು. ಅವರೂ ನಂಬಿದರು. ಫೋಟೋ ತೆಗೆದು ಕಡಲತೀರದ ಯಾವುದೋ ಊರಿನ ಹಿರಿಯ ಪ್ರೊಫೆಸರರಿಗೆ ಕಳಿಸಿದರು. ಅವರಿಂದ ಉತ್ತರ ಬಂತು. ತಲೆ ಕಿವಿಯಿಲ್ಲದ ಸೀಲಿನದು, ಕೀಲೆಲುಬು ಆ ಕುಟುಂಬದ್ದಲ್ಲ. ಎರಡು ಪ್ರಾಣಿಯ ಎಲುಬು ಕಲಸಿ ನಿಲ್ಲಿಸಿದಂತಿದೆ. ಇದನ್ನು ಮಾದರಿ ಎಂದು ಇಟ್ಟುಕೊಳ್ಳುವುದು ಸರಿಯಲ್ಲ.

ಎರಡು ಪ್ರಾಣಿಯ ಎಲುಬು ಕಲಸುವುದು. ಅಪ್ಪನ ಮಗನ ಮೇಲೆ ಬರಬಾರದ ಮಾತು ಅದು. ಬಂತು.

ಕೋಣೆ ಕಂಪ್ಯೂಟರಿಗೆ ಬೇಕಾಗಿತ್ತು, ಆಡಳಿತದವರಿಗೆ ನೆಪ ಸಿಕ್ಕಿತು. ಸಭೆ ಕರೆದರು. ಮೇಡಂ ಎದ್ದು ನಿಂತು, ತಲೆಬುರುಡೆ ಸ್ಪಷ್ಟವಾಗಿ ಕಿವಿಯಿಲ್ಲದ ಸೀಲಿನದು, ಪಾದದ ಗೊಂದಲ ಬಗೆಹರಿಯುವ ತನಕ ತೆಗೆಯಬೇಡಿ, ಚೀಟಿ ತಿದ್ದಿ ಇಡೋಣ ಎಂದು ಕೇಳಿಕೊಂಡರು. ಮೇಜಿನ ತುದಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಗುತ್ತಾ ಹೇಳಿದರು: "ತಲಿ ಒಂದರದು, ಪಾಯಾ ಇನ್ನೊಂದರದು. ಇದೇನು ಮ್ಯೂಸಿಯಮ್ಮೋ, ನಿಮ್ಮ ಅಬ್ಬಾರ ಹೋಟೆಲೋ, ಮೇಡಂ?"

ಎಲ್ಲರೂ ನಕ್ಕರು. ಮೇಡಂ ಕುಳಿತುಕೊಂಡರು. ಅವರ ಕಿವಿ ಕೆಂಪಾಗಿತ್ತು. ನಾನು ಚಹಾದ ತಟ್ಟೆ ಹಿಡಿದು ಗೋಡೆಗೆ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆ ಮಾತಿಗೆ ನನ್ನ ಹೆಸರಿನ ಚೀಟಿ ಬೆಲೆಯಾಗಿತ್ತು. ತಟ್ಟೆ ಹಿಡಿದುಕೊಂಡೇ ಇದ್ದೆ.

ಅದನ್ನು ಬಿಚ್ಚುವ ಕೆಲಸವೂ ನನಗೇ ಬಂತು. ಬೇರೆ ಯಾರಿಗೆ ಬರುತ್ತದೆ. ಎರಡು ದಿನ ಹಿಡಿಯಿತು. ತಂತಿ ಸರಾಗವಾಗಿ ಬಂತು, ಒಂದು ಎಲುಬೂ ಸೀಳಲಿಲ್ಲ. ಎಲ್ಲವನ್ನೂ ಹಳೆಯ ಪೆಟ್ಟಿಗೆಯಲ್ಲಿ ಹುಲ್ಲು ಹಾಕಿ ಜೋಡಿಸಿ ಮೆಟ್ಟಿಲಿನ ಕೆಳಗೆ ತಳ್ಳಿದೆ. ಚೀಟಿಯನ್ನು ಯಾರೋ ಗಾಜಿನ ಜೊತೆಗೇ ಒಯ್ದರು. ಹಾಗೆ ನೋಡಿದರೆ ಯಾವುದನ್ನು ಉಳಿಸಲು ಬಾಯಿ ಮುಚ್ಚಿದೆನೋ ಅದೂ ಉಳಿಯಲಿಲ್ಲ. ಮೇಡಂ ಪಟ್ಟಿ ಬರೆಯುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಪಾಠ ಮಾಡಿ ಮನೆಗೆ ಹೋಗುತ್ತಿದ್ದರು. ಎದುರಾದರೆ ತಲೆ ಆಡಿಸುತ್ತಿದ್ದರು. ಎರಡು ವರ್ಷ ಹೀಗೇ ಕಳೆಯಿತು.

ನಿವೃತ್ತಿಯ ದಿನ ಮಧ್ಯಾಹ್ನ ಮೂರಕ್ಕೆ ಬೀಳ್ಕೊಡುಗೆ ಇತ್ತು. ಹನ್ನೊಂದಕ್ಕೆ ನಾನು ಡಬ್ಬಿ ತಗೊಂಡು ಅವರ ಪ್ರಯೋಗಾಲಯಕ್ಕೆ ಹೋದೆ. ಮಾತು ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ ಕಂಠಪಾಠ ಮಾಡಿದ್ದೆ. ಮುಚ್ಚಳ ತೆಗೆದು ಮೇಜಿನ ಮೇಲಿಟ್ಟೆ. ಹಳೆಯ ನಶ್ಯದ ವಾಸನೆ ಬಂತು.

ಅವರು ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಗೆ ಹೋದರು. ಒಂದರ ಪಕ್ಕ ಒಂದಿಟ್ಟು ನೋಡಿದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಎತ್ತಿನ ಗಂಟು, ಗರಗಸ, ವಾರ್ನಿಷ್, ತಂತಿಯ ಸುಳ್ಳು.

"ಎರಡೂ ಒಂದೇ ಅಳತಿ ಅದಾವ" ಎಂದರು.

"ಹೌದ್ರಿ."

"ರೋಗ ಆಗಿದ್ರ ಹಿಂಗಿರ್ತಿತ್ತೇನ್ರಿ?"

"ಇಲ್ರಿ."

"ಅವತ್ತ ನೀವು ಇದು ನೋಡಿರಬೇಕು."

"ನೋಡಿದ್ದೆ ರೀ."

ಅವರು ಇನ್ನೂ ಕಿಟಕಿಯ ಕಡೆಗೇ ಮುಖ ಮಾಡಿದ್ದರು. "ಕೊಯ್ದಿದ್ದು ಬಿಡ್ರಿ, ಅದು ಗಲತಿ, ಯಾರಿಂದನೂ ಆಗ್ತದ. ಅವತ್ತ ಮೀಟಿಂಗಿನ್ಯಾಗ ನೀವು ಚಾ ಹಿಡ್ಕೊಂಡು ಅಲ್ಲೇ ನಿಂತಿದ್ರಿ, ಭೀಮಶಾ."

ಜಿ ಇರಲಿಲ್ಲ.

ಇಬ್ಬರೂ ಮೆಟ್ಟಿಲಿನ ಕೆಳಗೆ ಹೋಗಿ ಪೆಟ್ಟಿಗೆ ಎಳೆದೆವು. ಮೂಲೆಯ ಹಲಗೆ ತೂತಾಗಿತ್ತು. ಹೆಗ್ಗಣ ಒಳಗೆ ಗೂಡು ಮಾಡಿತ್ತು. ಹೆಗ್ಗಣಕ್ಕೆ ಹಲ್ಲು ಸವೆಸಲು ಎಲುಬು ಬೇಕು, ಅದು ನನಗೆ ಗೊತ್ತಿದ್ದ ವಿಷಯ, ಆದರೂ ಪೆಟ್ಟಿಗೆಗೆ ತಗಡು ಹೊಡೆದಿರಲಿಲ್ಲ. ಬೆರಳುಗಳು ಹೋಗಿದ್ದವು. ತಲೆಬುರುಡೆಯ ದವಡೆ ಅರ್ಧ ಇತ್ತು, ಮುಂಹಲ್ಲು ಇರಲಿಲ್ಲ. ಎರಡೂ ಕೀಲೆಲುಬನ್ನು ಎಲ್ಲ ಬದಿಯಿಂದ ಕೆರೆದು ಆಕಾರ ಕೆಟ್ಟಿತ್ತು. ಮೇಡಂ ಡಬ್ಬಿಯ ತುಂಡನ್ನು ಒಂದಕ್ಕೆ ಹಚ್ಚಿ ನೋಡಿದರು. ಎಲ್ಲಿ ಕೂಡಿಸಬೇಕು ಎಂಬುದೇ ಉಳಿದಿರಲಿಲ್ಲ. ಆ ಪ್ರಾಣಿಯ ಕಾಲಿನಲ್ಲಿ ಪೂರ್ತಿಯಾಗಿ ಉಳಿದದ್ದು ನಾನು ಕೊಯ್ದು ತೆಗೆದ ಭಾಗ ಮಾತ್ರ.

ಅವರು ಪ್ರಯೋಗಾಲಯಕ್ಕೆ ತಿರುಗಿ ಬಂದು ಒಂದು ಸಣ್ಣ ಗಾಜಿನ ಪೆಟ್ಟಿಗೆ ಹುಡುಕಿದರು, ಹತ್ತಿ ಹಾಸಿದರು, ತುಂಡುಗಳನ್ನು ಇಟ್ಟರು. ಚೀಟಿ ತಗೊಂಡು ಬರೆದರು: ಸೀಲ್, ಕಿವಿಯಿಲ್ಲದ ಕುಟುಂಬ, ಉತ್ತರದ ಪಂಗಡ. ಹಿಂಗಾಲಿನ ಕೀಲೆಲುಬಿನ ಮೊಳೆ, ಎಡ ಮತ್ತು ಬಲ. ಅಲ್ಲಿಗೆ ಪೆನ್ನು ನಿಂತಿತು. ನನ್ನನ್ನು ನೋಡಿದರು. ಕೇಳಲು ಅವರಿಗೂ ಕಷ್ಟವಾಗಿತ್ತು.

"ಹಾಕ್ರಿ, ಮೇಡಂ. ಕತ್ತರಿಸಿದವ ಅಂತನೇ ಹಾಕ್ರಿ" ಎಂದೆ.

ಬರೆದರು. ಕತ್ತರಿಸಿದವರು: ಭೀಮಶಾ, ಕಮಲಾಪುರ.

ಮೂರಕ್ಕೆ ಶಾಲು ಹೊದಿಸಿದರು. ಭಾಷಣದಲ್ಲಿ ನನ್ನ ಪ್ರಾಮಾಣಿಕತೆ ಎಂಬ ಮಾತು ನಾಲ್ಕು ಸಲ ಬಂತು. ಮೇಡಂ ಕೊನೆಯ ಸಾಲಿನಲ್ಲಿ ಕುಳಿತಿದ್ದರು, ಚಪ್ಪಾಳೆಗೆ ಕೈ ಎತ್ತಲಿಲ್ಲ. ಸಂಜೆಯ ಬಸ್ಸಿಗೆ ಊರಿಗೆ ಬಂದೆ.

ಕಾಕಾನಿಗೆ ಈಗ ಕಣ್ಣು ಮಂದ, ಕಾಲು ಮಡಚುವುದಿಲ್ಲ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಶಾಲು ಮುಟ್ಟಿ ನೋಡಿದ. ಆಮೇಲೆ ಅವನು ಕೇಳುತ್ತಾನೆ ಎಂದು ನಾನು ಹೆದರಿದ್ದನ್ನೇ ಕೇಳಿದ.

"ಭೀಮ್ಯಾ, ಗಾಜಿನಾಗ ನಿನ್ನ ಹೆಸರಿನ ಚೀಟಿ ಇನ್ನೂ ಅದೇನು?"

"ಅದ, ಕಾಕಾ" ಎಂದೆ.

ಅವನು ತಲೆದೂಗಿ ಗೋಡೆಗೆ ಒರಗಿದ. ಅದರಲ್ಲಿ ಏನು ಬರೆದಿದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನಿಗೆ ಓದಲು ಬರುವುದಿಲ್ಲ, ಆದರೆ ಮನೆಯಲ್ಲಿ ಮೊಮ್ಮಗಳು ದಿನವೂ ಸಂಜೆ ಏನಾದರೊಂದು ಓದಿ ಹೇಳುತ್ತಾಳೆ. ನನ್ನ ಈ ಬರಹವನ್ನೂ ಒಂದು ದಿನ ಅವನಿಗೆ ಓದುತ್ತಾಳೆ. ಗೊತ್ತಿದ್ದೇ ಬರೆದಿದ್ದೇನೆ.